ಆಹಾರಪಟ್ಟಿ ಸರಿಯಿದ್ದರೂ ವರ್ಕ್‌ಹೌಸಿನಲ್ಲಿ ಹಸಿವೇಕೆ?

ವರ್ಕ್‌ಹೌಸ್ ಅಂದರೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಬಡವರಿಗೆ ಕೆಲಸ ಕೊಟ್ಟು ಊಟ-ಆಸರೆ ನೀಡುತ್ತಿದ್ದ ಮನೆ. ನೀವು ಬರೆಯಹೊರಟಿರುವ ವರ್ಕ್‌ಹೌಸಿನ ಪಟ್ಟಿಯಲ್ಲಿ ಬ್ರೆಡ್ಡು, ಗಂಜಿ, ಚೀಸ್ ಎಲ್ಲ ಇದ್ದೂ ಜನ ಹಸಿದಿದ್ದರೆ ಎಡವಟ್ಟು ಬಹುಶಃ ಪೂರೈಕೆಯಲ್ಲಿದೆ. ವರ್ಕ್‌ಹೌಸ್ ನಡೆಸುತ್ತಿದ್ದ ಸ್ಥಳೀಯ ಗಾರ್ಡಿಯನ್ ಮಂಡಳಿಗಳು ಆಹಾರ ಪೂರೈಕೆಗೆ ಟೆಂಡರ್ ಕರೆದು, ಸಾಮಾನ್ಯವಾಗಿ ಕಡಿಮೆ ದರ ಹೇಳಿದವರಿಗೇ ಗುತ್ತಿಗೆ ಕೊಡುತ್ತಿದ್ದವು. ಕಲಬೆರಕೆಯಂತೂ ಆಗ ಊರೆಲ್ಲ ಇತ್ತು: 1850ರ ದಶಕದ ಆರಂಭದಲ್ಲಿ ವೈದ್ಯ ಆರ್ಥರ್ ಹಿಲ್ ಹ್ಯಾಸಲ್ ಪರೀಕ್ಷಿಸಿದ ಲಂಡನ್ ಬ್ರೆಡ್ಡಿನಲ್ಲೂ ಪಟಿಕ ಸಿಕ್ಕಿತ್ತು. ಬಿಗಿ ಕಾನೂನು ಬಂದದ್ದು 1875ರಲ್ಲಿ.

ಆದರೆ ಗುತ್ತಿಗೆದಾರನೇ ಕಳ್ಳ ಅಂತ ಮೊದಲೇ ಬರೆದುಬಿಡಬೇಡಿ. 1845ರ ಆಂಡೋವರ್ ವರ್ಕ್‌ಹೌಸ್ ಹಗರಣದಲ್ಲಿ ಗೊಬ್ಬರಕ್ಕೆಂದು ಮೂಳೆ ಕುಟ್ಟುತ್ತಿದ್ದವರು ಹಸಿವು ತಾಳದೆ ಅದರ ಮಜ್ಜೆ, ಕೊಳೆತ ಮಾಂಸವನ್ನೇ ತಿಂದಿದ್ದರು. ಪಡಿಗೆ ಕನ್ನ ಹಾಕಿದ ಆರೋಪ ಬಂದದ್ದು ವರ್ಕ್‌ಹೌಸಿನ ಮಾಸ್ಟರ್, ಅಂದರೆ ಮೇಲ್ವಿಚಾರಕನ ಮೇಲೆ. ನಿಮ್ಮ ಯೂನಿಯನ್ನಿನಲ್ಲಿ (ಒಂದು ಗಾರ್ಡಿಯನ್ ಮಂಡಳಿಯ ಕೆಳಗಿದ್ದ ಊರುಗಳ ಗುಂಪು) ಯಾವುದು ನಡೆಯಿತೆಂದು ಬರೀ ಪಟ್ಟಿ ನೋಡಿ ಹೇಳಲಾಗದು.

ಮೊದಲು ಕೌಂಟಿ ದಾಖಲೆ ಕಚೇರಿಯಲ್ಲಿ ಆ ಗಾರ್ಡಿಯನ್ನರ ನಡಾವಳಿ ಪುಸ್ತಕ ಉಳಿದಿದೆಯೇ ವಿಚಾರಿಸಿ. ಸಿಕ್ಕರೆ ಟೆಂಡರ್ ದರ, ವಾಪಸ್ ಕಳಿಸಿದ ಹಿಟ್ಟು-ಮಾಂಸ, ಗುತ್ತಿಗೆದಾರನಿಗೆ ಕೊಟ್ಟ ಎಚ್ಚರಿಕೆ ಹುಡುಕಿ. ಆಮೇಲೆ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಎಂಎಚ್ 12 ಸರಣಿ ತೆಗೆಸಿ. ಯೂನಿಯನ್‌ಗಳು ಲಂಡನ್ನಿನ ಮೇಲಧಿಕಾರಿಗಳ ಜೊತೆ ನಡೆಸಿದ ಪತ್ರವ್ಯವಹಾರ ಅಲ್ಲಿದೆ. ಒಂದೇ ದೂರು ಎರಡೂ ಕಡೆ ಸಿಕ್ಕರೆ ಧೈರ್ಯವಾಗಿ ಬರೆಯಿರಿ.