ಕಾರು ಅಗತ್ಯವೋ, ಆಸೆಯೋ?

ಪ್ರಶ್ನೆ: ನಮ್ಮ ಮನೆಯ ಆದಾಯ ತಿಂಗಳಿಗೆ 46,000 ರೂ. ಬ್ಯಾಂಕಿನಿಂದ 7 ಲಕ್ಷ ಸಾಲ ತೆಗೆದು ಕಾರು ಕೊಳ್ಳೋಣ ಎಂದು ನಮ್ಮ ಯಜಮಾನರ ಹಟ. ಅತ್ತೆಯವರನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು, ಭಾನುವಾರ ಆರಾಧನೆಗೆ ಹೋಗಬೇಕು, ಆದ್ದರಿಂದ ಇದು ಅಗತ್ಯ ಎನ್ನುತ್ತಾರೆ. ಪ್ರಾರ್ಥನೆ ಮಾಡಿದ ವಾರದಲ್ಲೇ ಸಾಲ ಮಂಜೂರಾಯಿತು, ದೇವರ ಚಿತ್ತ ಎಂದೂ ಹೇಳುತ್ತಾರೆ. ನನಗೇಕೋ ಇದು ಬರೀ ಆಸೆ ಅನ್ನಿಸುತ್ತದೆ.
– ಓದುಗರೊಬ್ಬರು, ಹಾಸನ

ಉತ್ತರ: ಅತ್ತೆಯವರ ಆಸ್ಪತ್ರೆ ಓಡಾಟ ಅಗತ್ಯವೇ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಸ್ವಂತ ಕಾರೇ ಆಗಬೇಕೆ ಎಂಬುದು ಬೇರೆ ಪ್ರಶ್ನೆ. ಆಗಬೇಕಾದ ಕೆಲಸ ಯಾವುದು, ಅದು ತಿಂಗಳಿಗೆ ಎಷ್ಟು ಸಲ ಎಂದು ಮೊದಲು ಬರೆದುಕೊಳ್ಳಿ. ವಸ್ತುವಿನ ಹೆಸರು ಆಮೇಲೆ ಬರಲಿ.

ಶೇ. 9.5ರ ಬಡ್ಡಿಯಲ್ಲಿ 7 ವರ್ಷಕ್ಕೆ 7 ಲಕ್ಷ ತೆಗೆದರೆ ಕಂತು 11,440 ರೂ. ಹತ್ತಿರ, ಒಟ್ಟು ಕಟ್ಟುವುದು ಸುಮಾರು 9.6 ಲಕ್ಷ. ಪೆಟ್ರೋಲ್, ವಿಮೆ, ಸರ್ವಿಸ್ ಬೇರೆ. ಆಸ್ಪತ್ರೆಗೆ ಎರಡು ಸಲ, ಆರಾಧನೆಗೆ ನಾಲ್ಕು ಸಲ ಬಾಡಿಗೆ ಕಾರು ಮಾಡಿ, ಹೋಗಿಬರಲು 500 ರೂ. ಕೊಟ್ಟರೂ 3,000 ರೂಪಾಯಿಗೆ ಮುಗಿಯಿತು. ಅತ್ತೆಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು, ನಮ್ಮ ಉತ್ತರವೂ ಬದಲಾಗುತ್ತಿತ್ತು.

ಬೈಬಲಿನ ವಿಮೋಚನಕಾಂಡ 16ನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಕೂಡಿಸಿಕೊಳ್ಳಲು ತಲೆಗೆ ಒಂದು ಓಮೆರ್, ಅಂದರೆ ಹೆಚ್ಚುಕಡಿಮೆ ಎರಡು ಲೀಟರ್ ಎಂಬ ಅಳತೆ ಇತ್ತು. ನಾಳೆಗೆ ಇಡಬೇಡಿ ಎಂಬ ಮೋಶೆಯ ಮಾತು ಮೀರಿ ಬೆಳಗಿನ ತನಕ ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು. ಅದೇ ಮನ್ನವನ್ನು ಆರನೆಯ ದಿನ ಎರಡರಷ್ಟು ಕೂಡಿಸಿ ಸಬ್ಬತ್ತಿಗೆಂದು, ಅಂದರೆ ಏಳನೆಯ ದಿನದ ವಿಶ್ರಾಂತಿಗೆಂದು ಇಟ್ಟಾಗ ಕೆಡಲಿಲ್ಲ. ಕೂಡಿಡುವುದೇ ತಪ್ಪು ಎಂದು ಪ್ರಸಂಗ ಮಾಡುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ.

ಆಸೆಪಡುವುದೂ ಪಾಪವಲ್ಲ. ಅನ್ನ ಬಟ್ಟೆ ಇದ್ದರೆ ತೃಪ್ತರಾಗಿರೋಣ ಎಂದ ಅಪೊಸ್ತಲ ಪೌಲನೇ (1 ತಿಮೊಥೆ 6:8) ಅದೇ ಅಧ್ಯಾಯದ 17ನೇ ವಚನದಲ್ಲಿ, ದೇವರು ನಮ್ಮ ಅನುಭೋಗಕ್ಕೆ ಎಲ್ಲವನ್ನೂ ಧಾರಾಳವಾಗಿ ಕೊಡುತ್ತಾನೆ ಎನ್ನುತ್ತಾನೆ. ಆಸೆಗೆ ಅಗತ್ಯದ ಹೆಸರಿಟ್ಟಾಗ ಕೆಡುತ್ತದೆ. ಆಗ ಯಾರೂ ಬೇಡ ಎನ್ನುವಂತಿಲ್ಲ, ಅತ್ತೆಯವರ ಕಾಯಿಲೆಯೂ ವಾದಕ್ಕೆ ಒಂದು ನೆಪವಾಗುತ್ತದೆ. ‘ಕಾರಿನ ಮೇಲೆ ಆಸೆ ಇದೆ’ ಎಂದು ಯಜಮಾನರು ನೇರವಾಗಿ ಹೇಳಲಿ. ಆಸೆಗೆ ತಾಳ್ಮೆಯೂ ಬೇಕಲ್ಲ: ಆರು ತಿಂಗಳು ಆ 11,440 ರೂಪಾಯಿಯನ್ನು ಬೇರೆ ಖಾತೆಗೆ ಹಾಕಿ ನೋಡಿ. ಮನೆ ಬಾಡಿಗೆ, ಶಾಲಾ ಫೀಸು, ಕಾಣಿಕೆ ಯಾವುದಕ್ಕೂ ಕೈ ಹಾಕದೆ ಉಳಿದರೆ ಕಾರಿನ ಮಾತೆತ್ತಬಹುದು, ಮುಂಗಡಕ್ಕೆ 68,640 ರೂ. ಕೈಯಲ್ಲೂ ಇರುತ್ತದೆ. ಮೂರನೇ ತಿಂಗಳಿಗೇ ಚಿನ್ನ ಅಡವಿಡುವಂತಾದರೆ ಉತ್ತರ ಸಿಕ್ಕಿತೆಂದುಕೊಳ್ಳಿ.

ಇನ್ನು ದೇವರ ಚಿತ್ತದ ವಿಷಯ. ಸಂಬಳದ ಚೀಟಿ, ಸಿಬಿಲ್ ಸ್ಕೋರ್ (ಹಿಂದಿನ ಸಾಲ ಮರುಪಾವತಿಯ ಅಂಕ) ಸರಿಯಿದ್ದರೆ ಪ್ರಾರ್ಥಿಸದವರಿಗೂ ಬ್ಯಾಂಕು ಸಾಲ ಕೊಡುತ್ತದೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುವೇ ಕೇಳಿದ್ದಾನೆ (ಲೂಕ 14:28).

ಪ್ರಶ್ನೆ: ಅಮ್ಮನ ಔಷಧಿಗೇ ಹಣ ಸಾಲುತ್ತಿಲ್ಲ. ಆದರೂ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಸಭೆಗೆ ಪೂರ್ತಿ ಕೊಡಲೇಬೇಕೆ?
– ಹೆಸರು ಬೇಡ, ಕೊಳ್ಳೇಗಾಲ

ಉತ್ತರ: ಮೊದಲು ಔಷಧಿ ತನ್ನಿ. ದೇವರಿಗೆ ಮೀಸಲು ಎಂದು ಹೇಳಿ ತಂದೆತಾಯಿಯ ಕೈ ಬಿಡುವುದನ್ನು ಯೇಸು ಕಟುವಾಗಿ ಖಂಡಿಸಿದ್ದು ಮಾರ್ಕ 7:10ರಿಂದ 13ರಲ್ಲಿದೆ. ಉಳಿದುದರಲ್ಲಿ ಕೈಲಾದಷ್ಟು ಕೊಡಿ. 2 ಕೊರಿಂಥ 8:12ರ ಪ್ರಕಾರ ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸಾಕು. ಪಾಸ್ಟರ್ ಹತ್ತಿರ ಪರಿಸ್ಥಿತಿ ಹೇಳಿಕೊಳ್ಳಲು ಸಂಕೋಚ ಬೇಡ. ಬಡವರ ಸಹಾಯಕ್ಕೆಂದು ಸಭೆಯಲ್ಲಿ ಎತ್ತುವ ಹಣ ನಿಮ್ಮಂಥವರಿಗೂ ಸಲ್ಲುತ್ತದೆ.