ಗಾಡಿ ಕುಂಬಳೆಯದ್ದು, ಕಾಗದ ಮಲಯಾಳದ್ದು

"ಒಂದು ಗೋಳಿಬಜೆ ಗಾಡಿಗೆ ಇಷ್ಟೆಲ್ಲ ಕಾಗದ ಯಾಕೆ? ನೀವು ಕೇರಳದಲ್ಲೇ ಹುಟ್ಟಿದವರಲ್ವಾ, ಇನ್ನೂ ಮಲಯಾಳ ಓದಲು ಬರಲ್ವಾ?" ಎಂದು ಕೇಳಿದೆಯಲ್ಲ ಮಾರಾಯ, ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದ್ದು ಸ್ವಲ್ಪ ಚುಚ್ಚಿತು. ಹಾಗಾಗಿ ಉತ್ತರ ಉದ್ದವಾಗುತ್ತದೆ, ಓದು.

ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿರುವ ಈ ಗಾಡಿ ನನ್ನ ಅಣ್ಣ, ಅತ್ತಿಗೆಯದ್ದು. ಸಂಜೆ ಗೋಳಿಬಜೆ, ಚುರುಮುರಿ, ಚಹಾ. ಕಾಗದಪತ್ರ ನೋಡಿಕೊಳ್ಳುವವನು ನಾನು. ಬೇಕಾದ ಕಾಗದಗಳು ಹೆಚ್ಚುಕಮ್ಮಿ ನಿಮ್ಮಲ್ಲಿ ಇರುವಂಥವೇ. ಆಹಾರ ಸುರಕ್ಷೆಯ ನೋಂದಣಿ ಬೇಕು. ಸಣ್ಣ ವಹಿವಾಟಿನವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ಶುಲ್ಕ ಕಡಿಮೆ, ಸಿಗುವುದು 14 ಅಂಕಿಯ ಒಂದು ನಂಬರ್. ಆಮೇಲೆ ಹೆಲ್ತ್ ಕಾರ್ಡ್. ವೈದ್ಯರು ಚರ್ಮ, ಕಣ್ಣು ನೋಡಿ, ಹರಡುವ ರೋಗ ಏನೂ ಇಲ್ಲ ಎಂದು ಬರೆದು ಕೊಡಬೇಕು. ಟೈಫಾಯ್ಡ್ ಲಸಿಕೆಯೂ ಆಗಿರಬೇಕು. ಇದಲ್ಲದೆ ಪಂಚಾಯತ್‌ನ ಒಪ್ಪಿಗೆ, ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ದುಡ್ಡು ಕಟ್ಟಿದ ರಶೀದಿ.

ಈ ನಿಯಮಗಳ ಮೇಲೆ ನಮಗೆ ಸಿಟ್ಟಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಆಮೇಲೆಯೇ ಕೇರಳದಲ್ಲಿ ಶವರ್ಮಕ್ಕೆ ಬೇರೆ ನಿಯಮ ಬಂತು. 2023ರಲ್ಲಿ ಹೆಲ್ತ್ ಕಾರ್ಡ್ ಕಡ್ಡಾಯವಾಯಿತು, ಹಸಿ ಮೊಟ್ಟೆಯ ಮಯೋನೀಸ್ ನಿಂತಿತು, ಪಾರ್ಸೆಲ್ ಮೇಲೆ ತಯಾರಿಸಿದ ಹೊತ್ತು ಬರೆಯಬೇಕು ಎಂದಾಯಿತು. ಬೇರೆಯವರ ಮಕ್ಕಳಿಗೆ ತಿನ್ನಲು ಕೊಡುವವರು ಇಷ್ಟು ಮಾಡಲೇಬೇಕು. ಅತ್ತಿಗೆ ನಿನ್ನೆಯ ಎಣ್ಣೆಯನ್ನು ಮತ್ತೆ ಒಲೆಗೆ ಇಡುವವರಲ್ಲ. ಅದನ್ನು ಯಾವ ಅಧಿಕಾರಿಯೂ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಬೀದಿ ವ್ಯಾಪಾರಿಗಳಿಗೆ ಕಾನೂನಿನ ರಕ್ಷಣೆ ಇದೆಯಲ್ಲ ಎಂದೂ ನೀನು ಹೇಳಿದೆ. ಇದೆ. 2014ರ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ 40 ಶೇಕಡಾ ವ್ಯಾಪಾರಿಗಳೇ ಇರಬೇಕು, ವ್ಯಾಪಾರಿಗಳ ಸರ್ವೆ ಮುಗಿಯುವ ತನಕ ಯಾರನ್ನೂ ಎಬ್ಬಿಸಬಾರದು, ಎಬ್ಬಿಸುವುದಿದ್ದರೆ 30 ದಿನದ ನೋಟಿಸ್ ಕೊಡಬೇಕು. ಆದರೆ ಅದು ನಗರಸಭೆ, ಪಟ್ಟಣ ಪಂಚಾಯತ್ ಇರುವ ಊರುಗಳಿಗೆ. ನಮ್ಮ ಜಿಲ್ಲೆಯಲ್ಲಿ ನಗರಸಭೆ ಇರುವುದು ಮೂರು ಕಡೆ: ಕಾಸರಗೋಡು, ಕಾಞಂಗಾಡು, ನೀಲೇಶ್ವರ. ಕುಂಬಳೆ, ಉಪ್ಪಳ, ಮಂಜೇಶ್ವರ ಎಲ್ಲ ನೋಡಲು ಪೇಟೆ, ಲೆಕ್ಕದಲ್ಲಿ ಗ್ರಾಮ ಪಂಚಾಯತ್. ಹಾಗಾಗಿ ಆ ಕಾಯ್ದೆಯಲ್ಲಿ ಬೀದಿ ವ್ಯಾಪಾರಿಗೆ ಸಿಗುವ ಪ್ರಮಾಣಪತ್ರ ಅಣ್ಣನ ಕೈಗೆ ಬರುವುದಿಲ್ಲ. ಅತ್ತ ತಲಪಾಡಿಯಿಂದ ಇತ್ತ ಚೆಂಗಳದವರೆಗೆ ಹೆದ್ದಾರಿ 66 ಅಗಲವಾದಾಗ ಗಾಡಿ ನಿಲ್ಲುತ್ತಿದ್ದ ಜಾಗವೇ ಹೋಯಿತು. ಈಗ ನಿಲ್ಲುವ ಜಾಗ ಹೆದ್ದಾರಿಯವರದ್ದೋ ಪಂಚಾಯತ್‌ನದ್ದೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇದೆಲ್ಲ ಹೇಗಾದರೂ ಸುಧಾರಿಸಬಹುದು. ನಮಗೆ ಯಾವತ್ತೂ ಸಾಕುಸಾಕಾಗುವುದು ಬೇರೆ ವಿಷಯದಲ್ಲಿ. ಕಾಗದದ ಭಾಷೆ.

ಅತ್ತಿಗೆಗೆ ಮಲಯಾಳ ಬರುವುದಿಲ್ಲ ಅಂತ ಅಂದುಕೊಳ್ಳಬೇಡ. ಗಾಡಿಯ ಹತ್ತಿರ ಒಂದು ಸಂಜೆ ನಿಂತು ನೋಡು. ಒಬ್ಬರ ಹತ್ತಿರ ತುಳು, ಇನ್ನೊಬ್ಬರ ಹತ್ತಿರ ಬ್ಯಾರಿ, ಮತ್ತೊಬ್ಬರ ಹತ್ತಿರ ಕೊಂಕಣಿ, ಕಣ್ಣೂರು ಕಡೆಯವರು ಬಂದರೆ ಚಂದದ ಮಲಯಾಳ. ಸಪ್ತಭಾಷೆಯ ನೆಲ ಎಂದು ಕಾಸರಗೋಡನ್ನು ಸುಮ್ನೆ ಹೇಳುವುದಲ್ಲ. ಆದರೆ ಅವರು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಾತು ಬೇರೆ, ಲಿಪಿ ಬೇರೆ. ಸರಕಾರಿ ಮಲಯಾಳವಂತೂ ಇನ್ನೂ ಬೇರೆ.

ಒಮ್ಮೆ ಒಂದು ಕಚೇರಿಯಿಂದ ನೋಟಿಸ್ ಬಂತು. ಅತ್ತಿಗೆಗೆ ಅದರಲ್ಲಿ ಗೊತ್ತಾದದ್ದು ತಾರೀಕು ಮತ್ತು ಕೆಳಗಿನ ಮೊಹರು ಮಾತ್ರ. ಗಾಡಿ ಎತ್ತಲು ಹೇಳಿದ್ದಾರೆ ಎಂದೇ ಹೆದರಿ, ಆ ಸಂಜೆ ಒಲೆ ಹಚ್ಚಲಿಲ್ಲ. ಪಕ್ಕದ ರಿಕ್ಷಾದವರು ಮಲಯಾಳ ಓದಿದವರೇ. ಪೂರ್ತಿ ಓದಿ ಹೇಳಿದರು, ಅರ್ಥ ಸರಿಯಾಗಿ ಗೊತ್ತಾಗುತ್ತಿಲ್ಲ ಎಂದರು. ಕೊನೆಗೆ ಸರಕಾರಿ ಅರ್ಜಿಗಳನ್ನು ತುಂಬಿಸಿ ಕೊಡುವ ಅಕ್ಷಯ ಕೇಂದ್ರದಲ್ಲಿ ಕೇಳಿದಾಗ ತಿಳಿಯಿತು, ಬೇಕಾದದ್ದು ನೀರಿನ ಪರೀಕ್ಷೆಯ ವರದಿ. ನಮ್ಮ ಬಾವಿಯ ನೀರಿನ ಆ ವರದಿ ಮನೆಯಲ್ಲೇ ಇತ್ತು! ಕಪಾಟಿನಿಂದ ತೆಗೆದು ಕೊಟ್ಟರೆ ಮುಗಿಯುವ ಕೆಲಸ. ಅಷ್ಟಕ್ಕೆ ವ್ಯಾಪಾರ ಹೋಯಿತು, ನಿದ್ದೆ ಹೋಯಿತು, ಉತ್ತರ ಕೊಡುವ ದಿನವೂ ಕಳೆದುಹೋಗುವುದರಲ್ಲಿತ್ತು.

ನಾನು ಉತ್ತರವನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ತೆಗೆದುಕೊಂಡರು, ಮೊಹರೂ ಹಾಕಿದರು. ಅದಕ್ಕೆ ಬಂದ ಮರುಪತ್ರ ಮತ್ತೆ ಮಲಯಾಳದಲ್ಲಿ. ಹೋಗಿ ಕೇಳಿದರೆ ಮೇಜಿನ ಆಚೆ ಕೂತವರು ಒಳ್ಳೆಯ ಮಾತಿನಲ್ಲೇ ಹೇಳಿದರು, "ಕನ್ನಡ ಗೊತ್ತಿದ್ದವರು ವರ್ಗ ಆಗಿ ಹೋದರು, ನಾನು ಎಂತ ಮಾಡುವುದು?" ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಕಾಸರಗೋಡಿಗೆಂದೇ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗಳಿಗೆ ಕೇರಳದ ಲೋಕಸೇವಾ ಆಯೋಗವೇ ಅರ್ಜಿ ಕರೆಯುತ್ತದೆ. ಆ ಹುದ್ದೆ ಇರುವುದು ಅತ್ತಿಗೆಯಂಥವರಿಗಾಗಿಯೇ ಅಲ್ವಾ? ಆ ಕುರ್ಚಿಯಲ್ಲಿ ಕನ್ನಡ ಓದುವವರು ಇಲ್ಲದಿದ್ದರೆ ಅತ್ತಿಗೆ ಯಾರನ್ನು ಕೇಳಬೇಕು?

ಹೆಸರಿನ ತೊಂದರೆಯೂ ಇದೆ. ಒಂದು ಕಾಗದದಲ್ಲಿ ಇನಿಷಿಯಲ್ ಮುಂದೆ, ಒಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಮನೆ ಹೆಸರು ಸೇರಿಕೊಂಡಿದೆ. ಮೂರೂ ಅಣ್ಣನೇ ಎಂದು ನಂಬಿಸಲು ಅಫಿಡವಿಟ್ ಬೇಕಾಯಿತು.

"ಅಷ್ಟು ಕಷ್ಟ ಆದರೆ ಮಂಗಳೂರಿಗೆ ಹೋಗಿ ಗಾಡಿ ಇಡಿ" ಎಂದೆಯಲ್ಲ, ಅದು ಆಗುವ ಮಾತಲ್ಲ. ಕುಂಬಳೆ ನಮ್ಮ ಅಜ್ಜನ ಊರು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಹೋಗಲಿ ಎಂದಿತು. ಕುಂಬಳೆ ಆ ಭಾಗದಲ್ಲೇ ಇದೆ. ಅದು ಜಾರಿಯಾಗಲಿಲ್ಲ. ಆ ನೋವು ಅಜ್ಜನಿಗೆ ಕೊನೆಯವರೆಗೂ ಇತ್ತು. ನಮ್ಮ ತಲೆಮಾರಿನವರು ಇಲ್ಲೇ ಓಟು ಹಾಕುತ್ತೇವೆ, ಇಲ್ಲೇ ತೆರಿಗೆ ಕಟ್ಟುತ್ತೇವೆ, ಇಲ್ಲಿನ ಸರಕಾರಿ ಆಸ್ಪತ್ರೆಯನ್ನು ಹೊಗಳುತ್ತೇವೆ. ನಾವು ಈಗ ಕೇಳುತ್ತಿರುವುದು ಕೇರಳವೇ ಬರೆದಿಟ್ಟ ಮಾತನ್ನು. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲಿ ಸ್ಪಷ್ಟವಾಗಿ ಇದೆ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಮತ್ತು ತಮಿಳರು ರಾಜ್ಯ ಸರಕಾರದ ಸ್ಥಳೀಯ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ದಯೆ ತೋರಿಸಿ ಎಂದು ನಾವು ಕೇಳುತ್ತಿಲ್ಲ.

ಮೊನ್ನೆ ಕೊಟ್ಟ ಅರ್ಜಿಯ ಮೇಲ್ಭಾಗದಲ್ಲೇ ಆ ಕಾಯ್ದೆಯ ಹೆಸರು, ವರ್ಷ ಬರೆದು, "ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ" ಎಂದು ಅತ್ತಿಗೆಯ ಕೈಯಲ್ಲೇ ಬರೆಸಿದೆ. ಪಕ್ಕದ ಗಾಡಿಯ ಇಬ್ಬರು ಅದನ್ನು ನೋಡಿ ತಮ್ಮ ಅರ್ಜಿಯಲ್ಲೂ ಹಾಗೇ ಬರೆದಿದ್ದಾರೆ. ಉತ್ತರ ಮತ್ತೆ ಮಲಯಾಳದಲ್ಲೇ ಬಂದರೆ ಮೂವರದ್ದನ್ನೂ ಒಟ್ಟಿಗೆ ಹಿಡಿದುಕೊಂಡು ಜಿಲ್ಲಾಧಿಕಾರಿಯವರಿಗೆ ದೂರು ಕೊಡುತ್ತೇವೆ, ಅದೂ ಕನ್ನಡದಲ್ಲಿ.