ಹ್ಯೂಮನ್ ಸರ್ವೀಸಸ್ ಡಿಗ್ರಿಗೆ ಸೇರುವ ಮುಂಚೆ ಏನು ಕೇಳಬೇಕು?

ನೀವು ಅಮೆರಿಕದ ಓಹಾಯೋ ರಾಜ್ಯದಲ್ಲಿದ್ದೀರಿ. ಮದುವೆಯಾಗಿ ಬರುವಾಗ ಮೈಸೂರಿನ ಬಿ.ಎ. ಎರಡನೇ ವರ್ಷಕ್ಕೇ ನಿಂತಿತು. ಈಗ ಗ್ರೀನ್ ಕಾರ್ಡ್ ಬಂದಿದೆ, ಮನೆ ಹತ್ತಿರದ ಸಣ್ಣ ಯೂನಿವರ್ಸಿಟಿಯಲ್ಲಿ ಹ್ಯೂಮನ್ ಸರ್ವೀಸಸ್ (ಕಷ್ಟದಲ್ಲಿರುವವರಿಗೆ ನೆರವು ಒದಗಿಸುವ ಕೆಲಸದ ಓದು) ಬ್ಯಾಚುಲರ್ಸ್‌ಗೆ ಸೇರಬಹುದಾ ಅಂತ ಕೇಳಿದ್ದೀರಿ.

ನಾನು ಅದನ್ನೇ ಓದಿದವಳು. ಹ್ಯೂಮನ್ ಸರ್ವೀಸಸ್ ಅಂದರೆ ಸೋಷಿಯಲ್ ವರ್ಕ್‌ಗೇ ಇನ್ನೊಂದು ಹೆಸರು ಅಂದುಕೊಂಡು ಸೇರಿದ್ದೆ. ಅಲ್ಲ. ಓಹಾಯೋದಲ್ಲಿ ಎಲ್‌ಎಸ್‌ಡಬ್ಲ್ಯೂ, ಅಂದರೆ ಸೋಷಿಯಲ್ ವರ್ಕರ್ ಲೈಸೆನ್ಸ್‌ಗೆ ಸೋಷಿಯಲ್ ವರ್ಕ್ ಡಿಗ್ರಿಯೇ ಬೇಕು, ಅದೂ ಸಿಎಸ್‌ಡಬ್ಲ್ಯೂಇ (ಸೋಷಿಯಲ್ ವರ್ಕ್ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆ) ಮಾನ್ಯತೆ ಇರುವ ಕೋರ್ಸಿನದು. ಹ್ಯೂಮನ್ ಸರ್ವೀಸಸ್‌ಗೆ ಮಾನ್ಯತೆ ಕೊಡುವುದು ಸಿಎಸ್‌ಎಚ್‌ಎಸ್‌ಇ ಎಂಬ ಬೇರೆ ಸಂಸ್ಥೆ. ಅಕ್ಷರಗಳು ಹತ್ತಿರ ಹತ್ತಿರ, ದಾರಿ ಬೇರೆ. ಮುಂದೆ ಎಂಎಸ್‌ಡಬ್ಲ್ಯೂಗೆ (ಸೋಷಿಯಲ್ ವರ್ಕ್ ಮಾಸ್ಟರ್ಸ್) ಸೇರಿದಾಗ ಬಿಎಸ್‌ಡಬ್ಲ್ಯೂ (ಅದರದೇ ಬ್ಯಾಚುಲರ್ಸ್) ಮಾಡಿದ್ದ ಗೆಳತಿ ಒಂದೇ ವರ್ಷದಲ್ಲಿ ಮುಗಿಸಿಕೊಂಡು ಹೋದಳು. ನನಗೆ ಎರಡು ವರ್ಷ, ಎರಡು ವರ್ಷದ ಫೀಸು. ಅಡ್ಮಿಷನ್‌ನವರು ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಲೈಸೆನ್ಸ್ ಬೇಡ, ಶೆಲ್ಟರ್‌ನಲ್ಲೋ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಫೀಸಿನಲ್ಲೋ ಕೇಸ್ ಮ್ಯಾನೇಜರ್ (ಬಂದವರಿಗೆ ಬೇಕಾದ ನೆರವು ಜೋಡಿಸಿ ಕೊಡುವವರು) ಆದರೆ ಸಾಕು ಅಂದರೆ ಈ ಡಿಗ್ರಿ ನಡೆಯುತ್ತದೆ. ಸಂಬಳ ಕಡಿಮೆ. ಹ್ಯೂಮನ್ ಸರ್ವೀಸ್ ಅಸಿಸ್ಟೆಂಟ್‌ಗಳ ಮಧ್ಯದ ಸಂಬಳ (ಅರ್ಧ ಜನಕ್ಕೆ ಇದಕ್ಕಿಂತ ಕಡಿಮೆ) 2023ರಲ್ಲಿ ವರ್ಷಕ್ಕೆ ಸುಮಾರು 41,000 ಡಾಲರ್ ಇತ್ತು, ಅಂಥ ಎಷ್ಟೋ ಕೆಲಸಕ್ಕೆ ಹೈಸ್ಕೂಲ್ ಮುಗಿಸಿದ್ದರೂ ಸಾಕು. ಅದಕ್ಕೇ ಜಾಸ್ತಿ ಸಾಲ ಮಾಡಿ ಓದುವ ಕೋರ್ಸ್ ಇದಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡ, ಲೈಬ್ರರಿ ಎಲ್ಲ ತೋರಿಸುತ್ತಾರೆ. ನೀವು ಫೀಲ್ಡ್‌ವರ್ಕ್ (ಓದುವಾಗಲೇ ಹೊರಗಿನ ಸಂಸ್ಥೆಯಲ್ಲಿ ಮಾಡುವ ಕೆಲಸ) ಬಗ್ಗೆ ಕೇಳಿ. ಸಿಎಸ್‌ಎಚ್‌ಎಸ್‌ಇ ಪ್ರಕಾರ ಬ್ಯಾಚುಲರ್ಸ್‌ಗೆ ಕನಿಷ್ಠ 350 ಗಂಟೆ. ಹೋದ ವರ್ಷದ ಹುಡುಗರನ್ನು ಎಲ್ಲಿಗೆ ಕಳಿಸಿದಿರಿ? ಅಲ್ಲಿ ಅವರನ್ನು ನೋಡಿಕೊಂಡವರು ಯಾರು? ಜಾಗ ಹುಡುಕಿ ಕೊಡುವವರು ನೀವಾ, ನಾವಾ? ನನ್ನನ್ನು ಮೊದಲು ಫುಡ್ ಪ್ಯಾಂಟ್ರಿಗೆ (ಬಡವರಿಗೆ ದಿನಸಿ ಹಂಚುವ ಜಾಗ) ಹಾಕಿದ್ದರು. ಒಂದು ತಿಂಗಳು ಸುಮ್ನೆ ಬೀನ್ಸ್ ಡಬ್ಬಿ ಜೋಡಿಸಿದೆ. ಆಮೇಲೆ ಮನೆ ಇಲ್ಲದವರ ಶೆಲ್ಟರ್‌ನಲ್ಲಿ ಒಬ್ಬ ಹಿರಿಯ ಮೇಡಂ ಪಕ್ಕದಲ್ಲಿ ಕೂರಿಸಿಕೊಂಡರು. ಬಂದವರ ಹತ್ತಿರ ಮೊದಲ ಪ್ರಶ್ನೆಯಾಗಿ ಊಟ ಆಯಿತಾ ಅಂತ ಕೇಳುತ್ತಿದ್ದರು, ಫಾರಂ ತುಂಬಿಸುವುದು ಆಮೇಲೆ. ನಾಲ್ಕು ವರ್ಷದಲ್ಲಿ ನಾನು ಕಲಿತದ್ದರ ಅರ್ಧ ಆ ಕುರ್ಚಿಯಲ್ಲೇ. (ಕಾರು ಓಡಿಸಲು ಬರದಿದ್ದರೆ ಈಗಲೇ ಕಲಿಯಿರಿ. ಮನೆ ಮನೆಗೆ ಹೋಗುವ ಕೆಲಸ ಇದು.)

ಸಣ್ಣ ಕಾಲೇಜಿನಲ್ಲಿ ಮೇಷ್ಟ್ರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಅದು ದೊಡ್ಡ ಅನುಕೂಲವೇ. ಆದರೆ ಪೂರ್ತಿ ಸಮಯದ ಮೇಷ್ಟ್ರು ಎಷ್ಟು ಜನ ಅಂತ ಕೇಳಿ. ಒಬ್ಬರೇ ಇದ್ದು, ಅವರು ಬಿಟ್ಟು ಹೋದರೆ ಕೋರ್ಸಿನ ಕಥೆ ಮುಗಿಯಿತು. ಕಾಲೇಜಿನ ಹಣದ ಪರಿಸ್ಥಿತಿಯನ್ನೂ ವಿಚಾರಿಸಿ. ನಿಮ್ಮ ರಾಜ್ಯದಲ್ಲೇ 2020ರಲ್ಲಿ ಅರ್ಬಾನಾ ಯೂನಿವರ್ಸಿಟಿ, 2024ರಲ್ಲಿ ನೋಟರ್ ಡೇಮ್ ಕಾಲೇಜು ಮುಚ್ಚಿದವು. ಕಾಲೇಜ್ ಸ್ಕೋರ್‌ಕಾರ್ಡ್ ಅನ್ನುವ ಸರ್ಕಾರಿ ತಾಣದಲ್ಲಿ ಎಷ್ಟು ಜನ ಓದು ಮುಗಿಸುತ್ತಾರೆ, ಎಷ್ಟು ಸಾಲ ಹೊರುತ್ತಾರೆ ಅನ್ನುವುದು ಸಿಗುತ್ತದೆ.

ಮೈಸೂರಿನ ಆ ಎರಡು ವರ್ಷ ಬಿಡಬೇಡಿ. ಮಾರ್ಕ್ಸ್ ಕಾರ್ಡ್ ಮತ್ತು ಸೀಲು ಮಾಡಿದ ಟ್ರಾನ್ಸ್‌ಕ್ರಿಪ್ಟ್ ತರಿಸಿ, ಎಷ್ಟು ಕ್ರೆಡಿಟ್ ಕೊಡುತ್ತಾರೆ ಅಂತ ಫೀಸು ಕಟ್ಟುವ ಮುಂಚೆಯೇ ಬರೆಸಿಕೊಳ್ಳಿ. ಊರಲ್ಲಿ ತಮ್ಮನೋ ಭಾವನೋ ಇದ್ದರೆ ಈಗಲೇ ಹೇಳಿಡಿ. ಪರೀಕ್ಷಾ ವಿಭಾಗಕ್ಕೆ ಒಂದೇ ಸಲ ಹೋದರೆ ಕೆಲಸ ಆಗುವುದಿಲ್ಲ.